ಕೋಟೆಯ ಕಿಂಡಿ ಬಿಚ್ಚಿದ ಅಮಾತೆಪ್ಪ

ಯಾದಗಿರಿಯ ಕೋಟೆಗೆ ಗಚ್ಚು ಹಚ್ಚುತ್ತಿದ್ದ ಗೌಂಡಿ ಅಮಾತೆಪ್ಪನವರು ನಮ್ಮ ಓಣಿಯವರು. ಓದು ಬರಹ ಬಾರದು. ಆದರೆ ಗೋಡೆಯನ್ನು ಅಂಗೈಯಿಂದ ಸವರಿ, ಕೆಳಗಿನ ದೊಡ್ಡ ಕಲ್ಲುಗಳು ಹಳೆಯ ಅರಸರ ಕಾಲದವು, ಗಚ್ಚಿಲ್ಲದೆ ಕೂತವು; ಮೇಲಿನ ಕಟ್ಟು ಬಾದಶಾಹರ ಕಾಲದ್ದು ಎನ್ನುತ್ತಿದ್ದರು. ಗುಡ್ಡದ ಬಂಡೆಗಳನ್ನೇ ಗೋಡೆಯೊಳಗೆ ಸೇರಿಸಿಕೊಂಡವರ ಜಾಣತನವನ್ನು ಸ್ವಂತ ಸೋದರಮಾವನ ಗುಣ ಹೊಗಳಿದಂತೆ ಹೊಗಳುವರು. ತಮ್ಮ ತಪ್ಪೊಂದನ್ನೂ ಅಷ್ಟೇ ಬಿಚ್ಚುಮನಸ್ಸಿನಿಂದ ನನಗೆ ಹೇಳಿದ್ದರು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಹೈದರಾಬಾದಿನಿಂದ ದೊಡ್ಡ ಸಾಹೇಬರೊಬ್ಬರು ಕೋಟೆ ನೋಡಲು ಬರುವವರಿದ್ದರು. ಬಾಗಿಲ ಪಕ್ಕದ ಗೋಡೆಯನ್ನು ಚೊಕ್ಕ ಮಾಡುವ ಕೆಲಸ ಅಮಾತೆಪ್ಪನವರಿಗೆ ಬಂತು. ಆ ಗೋಡೆಯ ಬುಡದಲ್ಲಿ ಗೇಣಗಲದ ಏಳು ಕಿಂಡಿಗಳು. ಅವುಗಳಲ್ಲಿ ಹಾವುಗಳು ಸೇರುತ್ತವೆಂದು ಜನರಿಗೆ ಹೆದರಿಕೆ. ಬೇಸಿಗೆಯಾದ್ದರಿಂದ ಒಣಗಿ ಬಿದ್ದಿದ್ದವು. ಅಮಾತೆಪ್ಪನವರು ಏಳಕ್ಕೂ ಕಲ್ಲಿನ ಚೂರು ಬಡಿದು, ಗಚ್ಚು ಮೆತ್ತಿ, ಕನ್ನಡಿಯಂತೆ ತಿಕ್ಕಿಬಿಟ್ಟರು.

ಸಾಹೇಬರಿಗಿಂತ ಮೊದಲು ಮಳೆ ಬಂತು. ಮೂರು ದಿನ ಬಿಡಲಿಲ್ಲ. ಗೋಡೆಯ ಕೆಳಗೇ ಸುಣ್ಣ ಹೊರುವ ದಾವಲಬೀಯ ಗುಡಿಸಲು. ಪ್ರತಿ ಮಳೆಗಾಲ ಕಿಂಡಿಯ ನೀರಿಗೆ ಕೊಡ ಹಿಡಿಯುತ್ತಿದ್ದಾಕೆ, ನಾಲ್ಕನೆಯ ಮುಂಜಾನೆ ಖಾಲಿ ಕೊಡದೊಂದಿಗೆ ಅಮಾತೆಪ್ಪನವರ ಬಾಗಿಲಿಗೆ ಬಂದಳು.

“ಏ ತಮ್ಮಾ, ಕ್ವಾಟಿ ನೀರು ಎಲ್ಲಿ ಬಚ್ಚಿಟ್ಟಿ? ಒಂದು ಹನಿ ಬಂದಿಲ್ಲ.”

“ಕಿಂಡಿ ಮುಚ್ಚೀನಲ್ಲಕ್ಕಾ. ಹಾವಿನ ಕಾಟ ತಪ್ತು.”

“ಹಾವು ನಾ ಹುಟ್ಟಿದಾಗಿಂದ ಅದಾವ, ನನ್ನ ಕಡದಿಲ್ಲ. ನಿನ್ನ ಗ್ವಾಡಿ ಬಸುರಿ ಆಗ್ಯಾದ, ಬಂದು ನೋಡು!”

ಹೋಗಿ ನೋಡಿದರೆ ಗೋಡೆ ನಿಜವಾಗಿಯೂ ಉಬ್ಬಿತ್ತು. ಹಿಂದಿನ ಮಣ್ಣಿಗೆ ಇಳಿದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಇನ್ನೊಂದು ಮಳೆ ಸುರಿದರೆ ಕಲ್ಲೆಲ್ಲ ದಾವಲಬೀಯ ಗುಡಿಸಲ ಮೇಲೆ. ಅಮಾತೆಪ್ಪನವರು ಉಳಿ ಸುತ್ತಿಗೆ ತಂದರು. ಕೆಲಸ ನೋಡಿಕೊಳ್ಳುವ ಕಾರಕೂನ ಓಡಿಬಂದ.

“ಹುಚ್ಚ ಹಿಡದದೇನೋ? ಸಾಹೇಬ್ರು ಮಧ್ಯಾಹ್ನ ಬರ್ತಾರ. ಅವರು ಹೋದ ಮ್ಯಾಲ ಒಡಿ!”

“ಮಳಿಗೆ ನಿಲ್ಲು ಅಂತ ಯಾರು ಹೇಳ್ತಾರ್ರಿ, ನೀವು ಹೇಳ್ತೀರೇನು?”

ಮತ್ತೆ ದಾವಲಬೀಯ ಕಡೆ ತಿರುಗಿ, “ಅಕ್ಕಾ, ಆಡು ಕೋಳಿ ತಗೊಂಡು ದೂರ ನಡಿ” ಎಂದರು.

“ಆಡಿನ ಚಿಂತಿ ಈಗ ಬಂತಾ?” ಎಂದು ಬೈಯುತ್ತಲೇ ಆಕೆ ಆಡಿನ ಹಗ್ಗ ಬಿಚ್ಚಿದಳು.

ಮೈಲಾಪುರದ ದೇವರು ಮಲ್ಲಯ್ಯನನ್ನು ನೆನೆದು ಮೊದಲ ಕಿಂಡಿಗೆ ಉಳಿ ಇಟ್ಟರು. ಒಮ್ಮೆಲೇ ಒಡೆದರೆ ಮಣ್ಣು ಕುಸಿಯುತ್ತದೆಂದು ಒಂದೊಂದೇ ಚೂರು ಕಿತ್ತರು. ಕೆಂಪು ನೀರು ಚಿಮ್ಮಿ ಮೈಯೆಲ್ಲ ಕೆಸರಾಯಿತು. ನಾಲ್ಕನೆಯ ಕಿಂಡಿ ಬಿಚ್ಚುತ್ತಿದ್ದಾಗ ಸಾಹೇಬರು ಬಂದರು. ಒಡೆದ ಗೋಡೆ ಕಂಡು ಮುಖ ಸಿಂಡರಿಸಿದರು. ಇವನೇ ಕೆಡಿಸಿದ್ದು ಎಂದು ಕಾರಕೂನ ಬೆರಳು ತೋರಿದ. ಅದು ಸುಳ್ಳಲ್ಲವಲ್ಲ, ಅಮಾತೆಪ್ಪನವರು ಒಪ್ಪಿಕೊಂಡರು. ಕೋಟೆಯ ಕೆಲಸ ಅಂದಿಗೇ ಹೋಯಿತು. ಆದರೂ ಉಳಿದ ಮೂರನ್ನು ಬಿಚ್ಚಿಯೇ ಗುಡ್ಡ ಇಳಿದರು. ಆ ವಾರ ಮತ್ತೆ ಜೋರು ಮಳೆಯಾಯಿತು. ಹೊಟ್ಟೆ ಉಬ್ಬಿದ್ದರೂ ಗೋಡೆ ನಿಂತಿತು, ಗುಡಿಸಲೂ ಉಳಿಯಿತು.

ಕೆಲಸ ಹೋದದ್ದಕ್ಕೆ ಬೇಸರವಾಗಲಿಲ್ಲವೇ ಎಂದು ಕೇಳಿದೆ.

ಅಮಾತೆಪ್ಪನವರು ಗೋಡೆ ತಿಕ್ಕುವಂತೆ ಅಂಗೈಯನ್ನು ಗಾಳಿಯಲ್ಲಿ ಆಡಿಸಿದರು. “ಕೆಲಸಕ್ಕಲ್ಲ ಯವ್ವಾ. ಆದ್ರ ಎಷ್ಟು ಚಂದ ತಿಕ್ಕಿದ್ದೆ!”