ಪರದೆಯ ಎಡದಂಚಿನ ಕಾಕಾ

ಹೊಸ ಟೀವಿಯ ಡಬ್ಬಿ ಬಿಚ್ಚಿದಾಗ ಬರುವ ವಾಸನೆ ನಿಮಗೂ ಗೊತ್ತಿರಬೇಕು. ಥರ್ಮಾಕೋಲಿನದೋ ಪ್ಲಾಸ್ಟಿಕ್ಕಿನದೋ ಹೇಳಲಾಗದು, ಆದರೆ ಅದು ಮೂಗಿಗೆ ಬಿದ್ದರೆ ಮನೆಯಲ್ಲಿ ಏನೋ ಹಬ್ಬ ಎನ್ನಿಸುತ್ತದೆ. ಕಳೆದ ಭಾನುವಾರ ಚಿಗವ್ವನ ಮನೆಗೆ ಹೋದಾಗ ಪಡಸಾಲೆಯ ತುಂಬ ಅದೇ ವಾಸನೆ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಬೀಳಗಿಯ ಹತ್ತಿರ, ಮುಳುಗಡೆಯವರಿಗಾಗಿ ಕಟ್ಟಿದ ಹೊಸ ಊರಿನಲ್ಲಿ ಅವಳ ಮನೆ. ಮಗ ಬಸು ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಅವನು ಗೋಡೆಗೆ ತೂತು ಕೊರೆದು, ಉದ್ದನೆಯ ಚಪ್ಪಟೆ ಟೀವಿಯೊಂದನ್ನು ನೇತುಹಾಕುವ ಗಡಿಬಿಡಿಯಲ್ಲಿದ್ದ. ಚಿಗವ್ವ ಮಾತ್ರ ಒಂದು ಮೂಲೆಯಲ್ಲಿ ಕೂತು ಹಳೆಯ ವಿಸಿಡಿಯೊಂದನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಮದಲ ಇದನ್ನ ಹಚ್ಚಬೇಕ ನೋಡಪಾ," ಎಂದಳು ಮಗನಿಗೆ.

ಬಸು ನನ್ನ ಕಡೆ ನೋಡಿ ನಕ್ಕ. ಆ ಡಿಸ್ಕಿನ ಹಿಂದಿನ ಕತೆ ನಮ್ಮಿಬ್ಬರಿಗೂ ಗೊತ್ತು. ಟೀವಿ ಗೋಡೆಗೇರುವುದು ಇನ್ನೂ ತಡವಿತ್ತು. ಅಷ್ಟರೊಳಗೆ ನಿಮಗೂ ಹೇಳಿಬಿಡುತ್ತೇನೆ.

ಚಿಗವ್ವನ ಹಳೆಯ ಊರು ಹೊಳೆದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಇವತ್ತು ಬಂದೀತು, ನಾಳೆ ಬಂದೀತು ಎಂದು ಜನ ಗಂಟುಮೂಟೆ ಕಟ್ಟಿಕೊಂಡು ಕಾಯುತ್ತಿದ್ದ ಕಾಲದಲ್ಲಿ ಅಲ್ಲಿಗೆ ಸಿನಿಮಾದವರು ಬಂದರು. ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು, ಅದರ ಮೇಲಿನ ಬೇವಿನ ಮರ, ಸಾಲುಮನೆಗಳು ಅವರಿಗೆ ಹಿಡಿಸಿದ್ದವು. ಹೀರೋ ಬಹಳ ವರ್ಷಗಳ ಮೇಲೆ ತನ್ನೂರಿಗೆ ಮರಳುತ್ತಾನೆ, ಹೊಳೆಯ ಮೆಟ್ಟಿಲ ಮೇಲೆ ಊರ ಜನ ಸೇರಿರುತ್ತಾರೆ. ಇಷ್ಟು ದೃಶ್ಯ. ಆ ಜನ ಎಂದರೆ ನಮ್ಮವರೇ. ಚಿತ್ರದ ಹೆಸರು, ಹೀರೋನ ಹೆಸರು ನನ್ನನ್ನು ಕೇಳಬೇಡಿ. ಬನಹಟ್ಟಿಯ ನಮ್ಮ ಓಣಿಯಲ್ಲಿ ಅವನ ಅಭಿಮಾನಿಗಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ನಾನು ಇದೇ ಓಣಿಯಲ್ಲಿ ಬಾಳಬೇಕು.

ಸಿನಿಮಾದವರು ಎಲ್ಲರಿಗೂ ಹಳೆಯ ಬಟ್ಟೆ ಹಾಕಿಕೊಂಡು ಬರಲು ಹೇಳಿದ್ದರಂತೆ. ಬಡ ಊರು ಎಂದು ಕತೆ. ಚಿಗವ್ವನ ಗಂಡ, ಅಂದರೆ ನಮ್ಮ ಕಾಕಾ, ಮಡಿಕೆ ಮುರಿಯದ ಧೋತರ ಉಟ್ಟು, ಮದುವೆಯಲ್ಲಿ ಸುತ್ತಿದ್ದ ಕೆಂಪು ರುಮಾಲು ಸುತ್ತಿ, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಬಂದು ನಿಂತರು. ಬೆಂಗಳೂರಿನ ಹುಡುಗನೊಬ್ಬ ಓಡಿಬಂದು, "ಯಜಮಾನ್ರೇ, ಅದೆಲ್ಲ ಬಿಚ್ಚಿಟ್ಟು ಹಳೇ ಬಟ್ಟೆ ಹಾಕ್ಕೊಂಡು ಬನ್ನಿ," ಎಂದ.

"ಯಾಕ್ರೀ?" ಎಂದರು ಕಾಕಾ. "ಊರು ಮುಳಗಾಕ ಹೊಂಟೈತಿ. ಇದು ಕಡೀ ಫೋಟೋ. ಕಡೀ ಫೋಟೋಕ್ಕ ಹರಕ ಹಾಕ್ಕೊಂಡ ನಿಂದರಲೇನು?"

ಮುಂದೆ ಎಷ್ಟು ಹೇಳಿದರೂ ಅವರು ಜಗ್ಗಲಿಲ್ಲ. ಹಟಮಾರಿ ಮನುಷ್ಯ, ಮಳೆ ಇಲ್ಲದಿದ್ದರೂ ಛತ್ರಿ ಬಿಡದವರು. ಕೊನೆಗೆ ಸಿನಿಮಾದವರೇ ಸೋತು, ಕಣ್ಣಿಗೆ ಬೀಳದಿರಲಿ ಎಂದು ಅವರನ್ನು ಎಲ್ಲರಿಗಿಂತ ಎಡಗಡೆ, ತೀರ ಅಂಚಿಗೆ ನಿಲ್ಲಿಸಿದರು. ಹೀರೋ ನಡುವಿನ ಮೆಟ್ಟಿಲು ಇಳಿಯುವಾಗ ಕಾಕಾ ಅಂಚಿನಲ್ಲಿ ನಾಲ್ಕು ಹೆಜ್ಜೆ ನಡೆದು ನೀರಿನ ಕಡೆ ನೋಡಬೇಕು. ಅಷ್ಟೇ ಅವರ ಪಾತ್ರ. ಊರಿನವರೆಲ್ಲ ಹೀರೋನನ್ನು ಬಾಯಿ ಬಿಟ್ಟು ನೋಡಿದರಂತೆ, ಕಾಕಾ ಒಬ್ಬರೇ ಹೇಳಿದ ಹಾಗೆ ಹೊಳೆ ನೋಡಿದರು.

ಹೊಸ ಊರಿಗೆ ಬಂದ ವರ್ಷವೇ ಕಾಕಾ ಎದೆನೋವಿನಿಂದ ತೀರಿಕೊಂಡರು. ಚಿತ್ರ ಇನ್ನೂ ಬಿಡುಗಡೆಯಾಗಿರಲಿಲ್ಲ. ಮನೆಯಲ್ಲಿ ಉಳಿದದ್ದು ಪರಿಹಾರದ ಕಾಗದಕ್ಕೆಂದು ತೆಗೆಸಿದ್ದ ಒಂದು ಚಿಕ್ಕ ಫೋಟೋ. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಅದರಲ್ಲಿ ಕಾಕಾ ಉಸಿರು ಬಿಗಿಹಿಡಿದವರಂತೆ ಇದ್ದಾರೆ, ಜೀವಂತ ಇದ್ದಾಗ ಒಂದು ದಿನವೂ ಹಾಗೆ ಇದ್ದವರಲ್ಲ.

ಚಿತ್ರ ಜಮಖಂಡಿಯ ಟಾಕೀಸಿಗೆ ಬಂದಾಗ ಚಿಗವ್ವನನ್ನು ಕರೆದುಕೊಂಡು ಹೋದವಳು ನಾನೇ. ನಾನು ಆಗ ಬನಹಟ್ಟಿಯ ಸಾಲೆಯಲ್ಲಿ ಟೀಚರಾಗಿದ್ದೆ, ಮಕ್ಕಳಿಗೆ ಸಿನಿಮಾ ನೋಡಬೇಡಿರೆಂದು ಬುದ್ಧಿ ಹೇಳಿ ಅದೇ ಸಂಜೆ ಟಾಕೀಸಿಗೆ ಓಡುತ್ತಿದ್ದವಳು. ಪೋಸ್ಟರಿನ ಮೇಲೆ ಸಿನಿಮಾಸ್ಕೋಪ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಪರದೆ ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿಕೊಂಡಿತು. ಹೊಳೆ ಬಂತು, ಬೇವಿನ ಮರ ಬಂತು. ಎಡದಂಚಿನಿಂದ ಕಾಕಾ ಬಂದರು. ಎಡಗಾಲು ತುಸು ಎಳೆದು ಹಾಕುವ ಅದೇ ನಡಿಗೆ, ಕಂಕುಳಲ್ಲಿ ಅದೇ ಛತ್ರಿ, ಕೆಂಪು ರುಮಾಲು. ಅವರು ನಮ್ಮಿಬ್ಬರಿಗಿಂತ ಎರಡು ಆಳು ಎತ್ತರವಾಗಿ ಕಾಣಿಸಿದರು. ಚಿಗವ್ವ ನನ್ನ ಕೈ ಹಿಡಿದಳು. ಅಳುತ್ತಾಳೇನೋ ಎಂದುಕೊಂಡೆ, ಅಳಲಿಲ್ಲ. "ಕಾಲ ಇನ್ನೂ ನೋಯಾಕತ್ತೈತಿ ಅವರಿಗೆ," ಎಂದಳು. ನಾನು ಮಾತ್ರ ಅತ್ತೆ.

ಆ ಚಿತ್ರ ಟಾಕೀಸಿನಲ್ಲಿ ಇರುವ ತನಕ ಚಿಗವ್ವ ಬಿಡುವಾದಾಗಲೆಲ್ಲ ಬಸ್ಸು ಹತ್ತಿ ಬಂದು ನೋಡಿದಳು. ಒಂದು ಶುಕ್ರವಾರ ಬೇರೆ ಚಿತ್ರ ಬಂತು, ಕಾಕಾ ಪೆಟ್ಟಿಗೆಯೊಳಗೆ ಸುರುಳಿಯಾಗಿ ಎಲ್ಲಿಗೋ ಹೋದರು.

ಕೆಲವು ವರ್ಷಗಳ ಮೇಲೆ ವಿಸಿಡಿ ಕಾಲ ಬಂತು. ನಮ್ಮ ಪಕ್ಕದ ಮನೆಯ ಈರಣ್ಣ ಪಾವರ್‌ಲೂಮ್ ನೇಕಾರ, ಆ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷ. ಮಗ್ಗದ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವನು ಒಂದು ಮಧ್ಯಾಹ್ನ ಗೋಡೆಯಾಚೆಯಿಂದ, "ಅಕ್ಕಾರ, ನಮ್ಮ ಪಿಚ್ಚರ್ ಡಿಸ್ಕ ಬಂದೈತ್ರೀ!" ಎಂದು ಕೂಗಿದ್ದು ಪಕ್ಕದೂರು ರಬಕವಿಯವರೆಗೆ ಕೇಳಿಸಿರಬೇಕು. ನಾನು ಚಿಗವ್ವನಿಗೆ ಹೇಳಿಕಳಿಸಿದೆ. ಇನ್ನು ಮೇಲೆ ಬಸ್ಸು ಹತ್ತುವ ಕೆಲಸವಿಲ್ಲ, ಬೇಕೆಂದಾಗ ಕಾಕಾನನ್ನು ನೋಡಬಹುದು ಎಂದು ನಾವಿಬ್ಬರೂ ಹಿಗ್ಗಿದೆವು.

ಈರಣ್ಣನ ಪಡಸಾಲೆಯಲ್ಲಿ ಓಣಿಯೇ ಸೇರಿತ್ತು. ಚಿತ್ರ ಸುರುವಾದ ಸ್ವಲ್ಪ ಹೊತ್ತಿಗೆ ಗುಜುಗುಜು ಎದ್ದಿತು. ಹೀರೋ ಮತ್ತು ಅವನ ಅಪ್ಪ ಅಂಗಳದ ಎರಡು ತುದಿಗೆ ನಿಂತು ಜಗಳಾಡುವ ಸನ್ನಿವೇಶ. ಟಾಕೀಸಿನಲ್ಲಿ ಅದಕ್ಕೆ ಸೀಟಿ ಬಿದ್ದಿದ್ದವು. ಇಲ್ಲಿ ಅಪ್ಪನ ಅರ್ಧ ಮುಖ, ನಡುವೆ ಖಾಲಿ ಗೋಡೆ. ಹೀರೋನ ದನಿ ಬರುತ್ತಿತ್ತು, ಹೀರೋ ಇರಲಿಲ್ಲ.

"ಟೀವಿ ಕೆಟ್ಟೈತಿ," ಎಂದರು ಯಾರೋ. ಟೀವಿ ರಿಪೇರಿಯವನನ್ನು ಊಟದ ನಡುವೆಯೇ ಎಬ್ಬಿಸಿ ತಂದರು. ಅವನು ಹಿಂದಿನ ಮುಚ್ಚಳ ತೆಗೆದು ಏನೇನೋ ತಿರುವಿದ, ಅಪ್ಪನ ಮುಖ ಸೊಟ್ಟಗಾಯಿತೇ ಹೊರತು ಮಗ ಬರಲಿಲ್ಲ.

ಅಷ್ಟರಲ್ಲಿ ಹೊಳೆಯ ದೃಶ್ಯ ಬಂತು. ಹೀರೋ ನಡುವೆ ಇಳಿದ. ಎಡಗಡೆಯಿಂದ ಛತ್ರಿಯ ತುದಿ ಮಾತ್ರ ಒಳಗೆ ಇಣುಕಿತು, ಒಂದು ಗಳಿಗೆ ನಿಂತು ಹಿಂದೆ ಸರಿಯಿತು. ಚಿಗವ್ವ ಕೂತಲ್ಲಿಂದಲೇ ಬಲಕ್ಕೆ ಬಾಗಿದಳು, ಕತ್ತು ಚಾಚಿ ಟೀವಿಯ ಎಡಬದಿಯ ಆಚೆ ನೋಡಿದಳು. ಕಿಟಕಿಯಲ್ಲಿ ನಿಂತು ಓಣಿಯ ತುದಿ ನೋಡುವವರು ಹಾಗೆ ಬಾಗುತ್ತಾರೆ. ಅಷ್ಟು ಜನರಲ್ಲಿ ಒಬ್ಬರೂ ನಗಲಿಲ್ಲ. ಈರಣ್ಣ ಟೀವಿ ಆರಿಸಿದ.

ಮಾರನೆಯ ವಾರ ಅಭಿಮಾನಿ ಸಂಘದವರೆಲ್ಲ ಜಮಖಂಡಿಯ ಡಿಸ್ಕ ಅಂಗಡಿಗೆ ಜಗಳಕ್ಕೆ ಹೊರಟರು. ವಿಸಿಡಿ ಕಂಪನಿಯ ಏಜೆಂಟರು ಹುಬ್ಬಳ್ಳಿಯಿಂದ ಅಂದು ಅಲ್ಲಿಗೆ ಬರುವವರಿದ್ದರು. ಅರ್ಜಿ ಬರೆಯಲು ಬೇಕಾಗಬಹುದೆಂದು ನನ್ನನ್ನೂ ಕರೆದರು. ಚಿಗವ್ವ ಕರೆಯದೇ ಬಂದಳು.

ಏಜೆಂಟರು ಕೆಟ್ಟವರೇನಲ್ಲ. ನಮಗೆಲ್ಲ ಚಹಾ ತರಿಸಿ, ಸಮಾಧಾನದಿಂದ ತಿಳಿಸಿ ಹೇಳಿದರು. "ಪಿಚ್ಚರ್ ಅಗಲ ಐತ್ರೀ, ಟೀವಿ ಚೌಕ ಐತಿ. ಅಗಲಿದ್ದದ್ದನ್ನ ಹಂಗಽ ಕೂಡ್ರಿಸಿದ್ರ ಮ್ಯಾಲ ಕೆಳಗ ಕರೀ ಪಟ್ಟಿ ಬರ್ತಾವ. ಪೂರಾ ಟೀವಿಗೆ ರೊಕ್ಕಾ ಕೊಟ್ಟೇವಿ, ಅರ್ಧಾ ತೋರಸ್ತೀರೇನು ಅಂತ ಮಂದಿ ಬೈತಾರ. ಅದಕ್ಕ ಎರಡೂ ಬಾಜೂ ಬಿಟ್ಟು ನಡಬರಕಿಂದು ಇಟ್ಟೇವ್ರಿ."

ಈರಣ್ಣನಿಗೆ ಅರ್ಥವಾಗಲು ಅಷ್ಟೇ ಸಾಕಾಗಿತ್ತು. "ಸಾಹೇಬ್ರ, ನಾವು ಸೀರಿ ನೇಯೋ ಮಂದಿ," ಎಂದ, ತನ್ನ ಎಂದಿನ ದನಿಯಲ್ಲಿ. ರಸ್ತೆಯಲ್ಲಿ ಹೋಗುವವರು ನಿಂತರು. "ಪೆಟ್ಟಿಗಿ ಸಣ್ಣದೈತಿ ಅಂತ ನಾವು ಎರಡೂ ದಡಿ ಕತ್ತರಿಸಿ ಸೀರಿ ಕೊಟ್ರ ನಿಮ್ಮ ಮನಿಯವರು ಉಡತಾರೇನ್ರೀ?"

ಸೀರೆಯ ಅಂಚಿಗೆ ನಮ್ಮಲ್ಲಿ ದಡಿ ಅನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಅಂಗಡಿಯಲ್ಲಿ ಮೊದಲು ನೋಡುವುದೇ ದಡಿಯನ್ನು, ಒಡಲು ಆಮೇಲೆ. ಏಜೆಂಟರೂ ಈ ಕಡೆಯವರೇ, ಅವರಿಗೂ ಮಾತು ನಾಟಿತು. ಆದರೂ ಹೇಳಬೇಕಾದದ್ದನ್ನು ಹೇಳಿದರು. "ಹೀರೋ ಒಂದೆರಡು ಕಡೆ ಹೋಗ್ಯಾನ, ಒಪ್ಪತೇನ್ರಿ. ಉಳಕಿದ್ದು ಬಿಟ್ಟಿದ್ದು ಬರೇ ಗದ್ದಲದ ಮಂದಿ. ಅವರನ್ನ ಯಾರು ನೋಡತಾರ್ರೀ?"

ಆಗ ಚಿಗವ್ವ ಮುಂದೆ ಬಂದಳು. ಸಿಟ್ಟಿರಲಿಲ್ಲ, ಸಂತೆಯಲ್ಲಿ ಏನೋ ವಿಚಾರಿಸುವವರ ಹಾಗೆ ಕೇಳಿದಳು.

"ಯಪ್ಪಾ, ಆ ಬಿಟ್ಟ ತುಂಡು ಎಲ್ಲಿ ಇಟ್ಟೀರಿ?"

ಏಜೆಂಟರಿಗೆ ತಿಳಿಯಲಿಲ್ಲ. ನಮಗೆ ತಿಳಿಯಿತು. ಬನಹಟ್ಟಿಯಲ್ಲಿ ಕತ್ತರಿಸಿದ ಬಟ್ಟೆಯ ಯಾವ ತುಂಡನ್ನೂ ಯಾರೂ ಎಸೆಯುವುದಿಲ್ಲ. ಚಿಂದಿ ಎಂದು ಚೀಲದಲ್ಲಿ ತುಂಬಿ ಮೂಲೆಗೆ ಇಟ್ಟಿರುತ್ತಾರೆ, ಅದಕ್ಕೂ ಕೊಳ್ಳುವವರು ಬರುತ್ತಾರೆ. ನಮ್ಮ ಓಣಿಗೆ ಬಂದಾಗಲೆಲ್ಲ ಚಿಗವ್ವ ಆ ಚೀಲಗಳನ್ನು ಕಂಡಿದ್ದಳು. ಹುಬ್ಬಳ್ಳಿಯ ಯಾವುದೋ ಖೋಲಿಯಲ್ಲಿ, ಅಂಥದೇ ಒಂದು ಚೀಲದಲ್ಲಿ ಕಾಕಾ ಇದ್ದಾರೆಂದು ಅವಳು ನಂಬಿಕೊಂಡು ಬಂದಿದ್ದಳು.

"ನಡಬರಕಿಂದು ನೀವಽ ಇಟ್ಕೋರಿ," ಎಂದಳು. "ನನಗ ಎಡಗಡೆ ತುಂಡು ಅಷ್ಟ ಕೊಡ್ರಿ. ಅದರಾಗ ನಮ್ಮ ಮನಿಯವರು ಅದಾರ."

ಏಜೆಂಟರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು. ಹಾಗೆಲ್ಲ ತುಂಡು ಉಳಿಯುವುದಿಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವೆಂದು ಕಾಣುತ್ತದೆ. "ಕೇಳ್ತೇನ್ರೀ ಯವ್ವಾ," ಎಂದರು. ಅವರು ಖರೆಯೇ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಏನೂ ಬರಲಿಲ್ಲ. ನಾನು ಸಂಘದ ಪರವಾಗಿ ಸುಂದರವಾದ ಅಕ್ಷರದಲ್ಲಿ ಬರೆದ ಅರ್ಜಿಗೂ ಏನೂ ಬರಲಿಲ್ಲ.

ಹೊರಡುವಾಗ ಅಭಿಮಾನಿಗಳು ತಾವು ಕೊಂಡಿದ್ದ ಡಿಸ್ಕುಗಳನ್ನೆಲ್ಲ ಅಂಗಡಿಯ ಕಟ್ಟೆಯ ಮೇಲೆ ಗುಡ್ಡೆ ಹಾಕಿದರು. ಅದೇ ಅವರ ಪ್ರತಿಭಟನೆ. ಚಿಗವ್ವ ಆ ಗುಡ್ಡೆಯಿಂದ ಒಂದನ್ನು ಎತ್ತಿಕೊಂಡಳು. "ಅದರಾಗ ಕಾಕಾ ಇಲ್ಲಲ್ಲ ಬೇ, ಯಾಕದು?" ಎಂದೆ. "ಛತ್ರಿ ಐತಿ," ಎಂದಳು. ಈರಣ್ಣ ಅದನ್ನು ಒಳ್ಳೆಯ ಕವರಿನಲ್ಲಿ ಹಾಕಿಕೊಟ್ಟ.

ಅಂದಿನಿಂದ ನನಗೊಂದು ಚಟ ಹತ್ತಿದೆ. ಯಾವ ಚಿತ್ರ ನೋಡಿದರೂ ಕಣ್ಣು ಅಂಚಿಗೆ ಹೋಗುತ್ತದೆ. ಒಮ್ಮೆ ಸಾಲೆಯ ಗ್ರೂಪ್ ಫೋಟೋಗೆ ಕಟ್ಟು ಹಾಕಿಸಲು ಕೊಟ್ಟಿದ್ದೆ. ಕಟ್ಟು ಹಾಕುವವನು ಚೌಕಟ್ಟಿಗೆ ಸರಿಹೊಂದಲೆಂದು ಎರಡೂ ಬದಿ ಕತ್ತರಿಸಿದ್ದ. ಹೆಡ್‌ಮಾಸ್ಟರು ನಡುವೆ ಸುಖವಾಗಿ ಕೂತಿದ್ದರು, ಕೊನೆಯಲ್ಲಿ ನಿಂತಿದ್ದ ಹುಡುಗಿಯ ಒಂದು ಜಡೆ ಮಾತ್ರ ಉಳಿದಿತ್ತು. ನಾನು ಅಂಗಡಿಯಲ್ಲಿ ಕೂಗಾಡಿದ್ದು ನೋಡಿ ಅವನಿಗೆ ಈ ಟೀಚರಿಗೆ ತಲೆ ಕೆಟ್ಟಿದೆ ಎನ್ನಿಸಿರಬೇಕು. ಕೆಟ್ಟಿದ್ದರೆ ಕೆಟ್ಟಿರಲಿ. ಹಳೆಯ ಊರು ನೀರಿನಡಿಗೆ ಹೋಯಿತು, ಅದನ್ನು ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ. ಆದರೆ ಒಂದು ಚಿತ್ರದಲ್ಲಿ ಅದು ಉಳಿದಿತ್ತು, ಅದರ ಅಂಚಿನಲ್ಲಿ ಒಬ್ಬ ಮನುಷ್ಯ ತನ್ನ ಒಳ್ಳೆಯ ಬಟ್ಟೆಯಲ್ಲಿ ನಿಂತಿದ್ದ. ಅವನನ್ನು ಜಾಗ ಸಾಲದೆಂದು ಕತ್ತರಿಸಿ ತೆಗೆದರಲ್ಲ, ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಭಾನುವಾರದ ಮಾತಿಗೆ ಬರುತ್ತೇನೆ. ಟೀವಿ ಗೋಡೆಗೇರಿತು. ಬಸು ಎಡಬದಿಗೆ ನಿಂತು ಹಳೆಯ ಪ್ಲೇಯರಿನ ವಯರು ಸಿಕ್ಕಿಸಿ, ಅವ್ವನ ಡಿಸ್ಕ ಹಾಕಿ, ಹೊಳೆಯ ದೃಶ್ಯಕ್ಕೆ ಓಡಿಸಿದ. ಹಳೆಯ ಚೌಕದ ಚಿತ್ರ ಅಗಲದ ಟೀವಿಯ ನಟ್ಟನಡುವೆ ಕೂತಿತು. ಎಡಕ್ಕೊಂದು, ಬಲಕ್ಕೊಂದು ಕರಿ ಪಟ್ಟಿ ಖಾಲಿ ಉಳಿದವು.

"ಥೂ, ಹಳೇ ಡಿಸ್ಕ. ತಡಿ ಬೇ, ಜಗ್ಗಿ ತುಂಬಸ್ತೇನಿ," ಎಂದು ಬಸು ರಿಮೋಟ್ ಒತ್ತಿದ. ಚಿತ್ರ ಅಡ್ಡಕ್ಕೆ ಹಿಗ್ಗಿತು, ಎಲ್ಲರೂ ಕುಳ್ಳಗಾಗಿ ದಪ್ಪಗಾದರು, ಬೇವಿನ ಮರವೂ.

"ಏ ಬಸು, ಮದಲಿನಂಗ ಮಾಡು."

"ಎರಡೂ ಬಾಜೂ ಖಾಲಿ ಕಾಣತೈತಿ ಬೇ ಯವ್ವಾ."

"ಇರಲಿ ಬಿಡೋ," ಎಂದಳು ಚಿಗವ್ವ. ಅವಳ ಕಣ್ಣು ಆಗಲೇ ಎಡಗಡೆಯ ಕತ್ತಲೆಯ ಮೇಲಿತ್ತು. "ಇಷ್ಟ ದಿನಾ ಅವರಿಗೆ ನಿಂದ್ರಾಕ ಜಾಗಾನ ಇರಲಿಲ್ಲ. ಈಗ ಬರತಾರ."

ಬಸು ಮೊದಲಿನ ಹಾಗೆ ಮಾಡಿದ. ನಾನು ಹೀರೋ ಮೆಟ್ಟಿಲು ಇಳಿಯುವುದನ್ನು ನೋಡಲಿಲ್ಲ, ಚಿಗವ್ವ ನೋಡುತ್ತಿದ್ದ ಕಡೆಗೇ ನೋಡಿದೆ. ಟೀವಿಯ ಎಡಬದಿಗೆ ಅಡ್ಡ ನಿಂತಿದ್ದ ಬಸು ಮೆಲ್ಲಗೆ ಸರಿದು ದಾರಿ ಬಿಟ್ಟ.