ಡಬ್ಬಿಯ ಬಿಳಿ ಸಿಪ್ಪೆ

ಇಪ್ಪತ್ತು ವರ್ಷ ಊರವರ ಫ್ರಿಜ್ಜುಗಳಿಗೆ ತಲೆ ತೂರಿಸಿದ ರಿಪೇರಿಯವನಿಗೆ ಯಾವ ನಾತವೂ ಹೊಸದಲ್ಲ. ಆದರೆ ಅಂದು ತನ್ನ ಮನೆಯ ಫ್ರೀಜರಿನಲ್ಲಿದ್ದ ಪ್ಲಾಸ್ಟಿಕ್ ಡಬ್ಬಿಯಿಂದ ಹೆಪ್ಪುಗಟ್ಟಿದ ಬೇಳೆಸಾರನ್ನು ಚಮಚದಲ್ಲಿ ಕೆರೆದಾಗ, ಡಬ್ಬಿಯ ಬಿಳಿ ಸಿಪ್ಪೆಯೂ ಎದ್ದುಬಂತು. ಜೊತೆಗೆ ಹೋದ ವಾರದ ಮೀನಿನ ವಾಸನೆ ಬೇರೆ. ಅವನು ಮೂಗು ಮುಚ್ಚಿಕೊಂಡು ಡಬ್ಬಿಯನ್ನು ದೂರ ತಳ್ಳಿದ.

“ಇಷ್ಟು ದಿನ ಇದನ್ನೇ ತಿಂದ್ವಾ?”

“ಎಷ್ಟು ತಿಕ್ಕಿದ್ರೂ ಜಿಡ್ಡು ಹೋಗಲ್ಲ ಅಂತ ಬಡ್ಕೊಂಡೆ. ನೀವು ಕೇಳಬೇಕಲ್ಲ,” ಎಂದಳು ಹೆಂಡತಿ.

ಅಂದೇ ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಿ ಗಾಜಿನ ಜಾಡಿಗಳನ್ನು ತಂದ. ಕಂಠಮಟ್ಟ ತುಂಬಿಸಿಟ್ಟ ಮೊದಲನೆಯದು ಫ್ರೀಜರಿನಲ್ಲೇ ಬಿರಿಯಿತು.

“ಹೆಪ್ಪುಗಟ್ಟಿದ್ದು ಉಬ್ಬುತ್ತೆ ಅಂತ ಫ್ರಿಜ್ ಡಾಕ್ಟರಿಗೇ ಗೊತ್ತಿಲ್ವಾ?” ಎಂದಳು ಹೆಂಡತಿ, ಚೂರು ಹೆಕ್ಕುತ್ತಾ.

ಈಗ ಎರಡು ಬೆರಳು ಜಾಗ ಬಿಟ್ಟೇ ತುಂಬುತ್ತಾನೆ. ಕೆಲಸಕ್ಕೆ ಹೋದ ಮನೆಯಲ್ಲಿ ಯಾರಾದರೂ ಪ್ಲಾಸ್ಟಿಕ್ ಡಬ್ಬಿ ತೆರೆದು ಬಡಿಸಲು ಬಂದರೆ, “ಈಗಷ್ಟೇ ಊಟ ಆಯ್ತಕ್ಕ” ಎಂದು ಹಸಿದೇ ಹೊರಡುತ್ತಾನೆ.