ಡಿವಿಡೆಂಡ್ ದುಡ್ಡಿನಲ್ಲಿ ಬಂದ ಆಯಾ

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನಾನು ಸಿಕಂದರಾಬಾದಿನ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. "ಸ್ವಲ್ಪ ದಿನ ಮನ್ಯಾಗ ಇರು. ಅವ್ವ ಎದ್ದು ಅಡ್ಡಾಡಾಕ ಹತ್ತಿದ ಮ್ಯಾಲ ಮತ್ತ ಹೋಗೀಯಂತ," ಎಂದರು ಗಂಡ. ಆಪರೇಷನ್ ಆಯಿತು. ಅತ್ತೆ ಮಾತ್ರ ಏಳಲಿಲ್ಲ. ಆ ಸ್ವಲ್ಪ ದಿನ ವರ್ಷಗಳಾದವು.

ಮಿಯಾಪುರದ ನಮ್ಮ ಫ್ಲ್ಯಾಟಿನಿಂದ ಕೆಳಗಿಳಿದು ಕೊತ್ತಂಬರಿ ತರಬೇಕೆಂದರೂ ಹೊರಗಿನಿಂದ ಬೀಗ ಹಾಕಿ ಓಡಬೇಕಿತ್ತು. ಲಿಫ್ಟ್ ತಡವಾದರೆ ಮೆಟ್ಟಿಲು ಹತ್ತಿಯೇ ಬರುತ್ತಿದ್ದೆ. ಗಂಡ ಕೆಟ್ಟವರಲ್ಲ, ಕೇಳಿದಷ್ಟು ಕೊಡುತ್ತಿದ್ದರು. ಆದರೆ ಕೊಡುವ ಮೊದಲು "ಎದಕ್ಕ?" ಎಂದು ಒಂದು ಮಾತು ಕೇಳುತ್ತಿದ್ದರು. ಸಂಬಳ ಎಣಿಸಿಕೊಂಡಿದ್ದ ಕೈಗೆ ಆ ಒಂದು ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು.

ಕೆಲಸ ಬಿಟ್ಟಾಗ ಬಂದ ಪಿ.ಎಫ್. ಹಣ ನನ್ನ ಖಾತೆಯಲ್ಲೇ ಇತ್ತು. ಅತ್ತೆ ಊಟ ಮಾಡಿ ಮಲಗಿದ ಮೇಲೆ, ಅವರ ಮಂಚದ ಪಕ್ಕದಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಷೇರುಗಳನ್ನು ಸೋಸುವ ಸ್ಕ್ರೀನರ್ ತೆರೆಯತೊಡಗಿದೆ. ನಾವು ಷರತ್ತು ಹಾಕಿದರೆ ಸಾಕು, ಮಾರುಕಟ್ಟೆಯ ಸಾವಿರಾರು ಕಂಪನಿಗಳಲ್ಲಿ ಅದಕ್ಕೆ ಹೊಂದುವಂಥವನ್ನು ಮಾತ್ರ ಉಳಿಸುತ್ತದೆ. ಲಾಭಕ್ಕೆ ಹೋಲಿಸಿದರೆ ಬೆಲೆ ಕಡಿಮೆ ಇರಬೇಕು, ಸಾಲ ಹೆಚ್ಚಿರಬಾರದು, ಷೇರಿನ ಬೆಲೆಗೆ ತಕ್ಕಂತೆ ಒಳ್ಳೆಯ ಡಿವಿಡೆಂಡ್, ಎಂದರೆ ಲಾಭದ ಪಾಲು, ಕೊಡುತ್ತಿರಬೇಕು. ಒಂದೊಂದು ಷರತ್ತು ಹಾಕಿದಾಗಲೂ ಪಟ್ಟಿ ಕಿರಿದಾಗುತ್ತಿತ್ತು. ದಿನವಿಡೀ ಗಂಜಿ, ಮಾತ್ರೆ, ಬೆಡ್‌ಪ್ಯಾನು ಎಂದು ಸುತ್ತುತ್ತಿದ್ದ ತಲೆಗೆ ಅದರಿಂದ ಏನೋ ಸಮಾಧಾನ.

ಮಲಗಿದ್ದಾರೆ ಅಂದುಕೊಂಡಿದ್ದ ಅತ್ತೆ ಒಂದು ದಿನ ಕೇಳಿದರು: "ದಿನಾ ಅದ್ರಾಗ ಏನ್ ಹುಡುಕಾಕತ್ತೀಯವ್ವಾ?"

"ಅಗ್ಗಕ್ಕ ಸಿಗೂ ಚಲೋ ಕಂಪನಿ ಅತ್ತಿ. ಷೇರು ತಗೊಂಡ್ರ ವರ್ಷಾ ಲಾಭದಾಗ ನಮಗೂ ಪಾಲು ಕೊಡ್ತಾರ್ರಿ."

"ನೀ ಇಲ್ಲೇ ಕುಂತಿದ್ರೂ ಬರತೈತೇನು?"

"ಬರತೈತ್ರಿ."

"ಹಂಗಾದ್ರ ತಗೋ. ಬಂದ ರೊಕ್ಕದಾಗ ನನಗ ಒಬ್ಬಾಕೀನ ಇಟ್ಟು ನೀ ನೌಕರಿಗೆ ಹೋಗು. ನನ್ನ ಕೂಡ ನೀನೂ ಯಾಕ ಮಂಚ ಹಿಡೀಬೇಕು?"

ಅಷ್ಟು ದಿನ ನನ್ನನ್ನು ಕಟ್ಟಿಹಾಕಿದವರು ಇವರೇ ಎಂದು ಒಳಗೊಳಗೇ ಕುದ್ದವಳು ನಾನು. ಅವರ ಹೊದಿಕೆ ಸರಿಮಾಡಿ ಮತ್ತೆ ಪಟ್ಟಿಯ ಮುಂದೆ ಕುಳಿತೆ.

ಪಟ್ಟಿಯ ಮೇಲ್ತುದಿಯಲ್ಲಿ ಒಂದು ಪೈಪಿನ ಕಂಪನಿ ಇತ್ತು. ಬೇರಾವುದೂ ಅಷ್ಟು ಡಿವಿಡೆಂಡ್ ಕೊಟ್ಟಿರಲಿಲ್ಲ. ಹಣದಲ್ಲಿ ಅರ್ಧ ಅದಕ್ಕೇ ಹಾಕಿ, ಉಳಿದದ್ದನ್ನು ಎರಡು ಮಂದಗತಿಯ ಕಂಪನಿಗಳಿಗೆ ಹಂಚಿದೆ. ಮರುವರ್ಷ ಪೈಪಿನ ಕಂಪನಿ ಒಂದು ಪೈಸೆಯನ್ನೂ ಕೊಡಲಿಲ್ಲ. ಆಮೇಲೆ ಅದರ ವಾರ್ಷಿಕ ವರದಿ ಓದಿದೆ. ಹಳೆಯ ಕಾರ್ಖಾನೆಯ ಜಾಗ ಮಾರಿ ಬಂದ ಹಣವನ್ನು ಆ ಒಂದು ವರ್ಷ ಹಂಚಿದ್ದರು. ಸ್ಕ್ರೀನರ್ ಅದನ್ನೇ ಡಿವಿಡೆಂಡ್ ಎಂದು ಲೆಕ್ಕ ಹಾಕಿ ತೋರಿಸಿತ್ತು. ಅದರ ಷೇರು, ಮಾರುಕಟ್ಟೆ ಒಂದು ದಿನಕ್ಕೆ ಹಾಕಿದ ಇಳಿಕೆಯ ಮಿತಿಯನ್ನು ದಿನಾ ಮುಟ್ಟಿ ನಿಲ್ಲುತ್ತಿತ್ತು. ಮಾರಲು ಹಾಕಿದರೆ ಕೊಳ್ಳುವವರೇ ಇಲ್ಲ. ಬೆಳಿಗ್ಗೆ ಮಾರುಕಟ್ಟೆ ತೆರೆಯುತ್ತಲೇ ಹಾಕುತ್ತಿದ್ದೆ, ಮಧ್ಯಾಹ್ನ ಮುಚ್ಚುವಾಗ ಅದು ಮಾರಾಟವಾಗದೆ ಹಾಗೆಯೇ ವಾಪಸು ಬರುತ್ತಿತ್ತು. ಕೊನೆಗೆ ಮಾರಾಟವಾದಾಗ ಕೈಗೆ ಬಂದದ್ದನ್ನು ಕಂಡು, ಬಚ್ಚಲಿನಲ್ಲಿ ನಲ್ಲಿ ಬಿಟ್ಟು ಅತ್ತುಬಿಟ್ಟೆ.

ಆಮೇಲೆ ಷರತ್ತು ಬದಲಾಯಿಸಿದೆ. ಒಂದೇ ವರ್ಷದ ಡಿವಿಡೆಂಡ್ ಸಾಲದು, ಹಲವು ವರ್ಷ ತಪ್ಪದೆ ಕೊಟ್ಟಿರಬೇಕು. ಅದೂ ವ್ಯಾಪಾರದಿಂದಲೇ ಬಂದ ಹಣವಾಗಿರಬೇಕು. ಉಳಿದ ಕಂಪನಿಗಳು ಕೆಲವೇ, ನೀರಸವಾದವು. ಅವೇ ನನ್ನ ಕೈಹಿಡಿದವು. ಬರುವ ಹಣ ದೊಡ್ಡದೇನಲ್ಲ, ಆದರೂ ವಾರಕ್ಕೆ ಎರಡು ದಿನ ಆಯಾ ಇಡಲು ಸಾಕಾಗುವಷ್ಟಾಯಿತು. ನೌಕರಿಯ ಮಾತು ಅಷ್ಟಕ್ಕೇ ನಿಂತಿತು. ಹೊರಗೆ ಕಾಲಿಡಲು ದಾರಿಯಾದರೂ ಆಯಿತಲ್ಲ ಅಂದುಕೊಂಡೆ. ಗಂಡನಿಗೆ ಹೇಳಿದೆ ಅಷ್ಟೇ, ಅಪ್ಪಣೆ ಕೇಳಲಿಲ್ಲ.

ಆಯಾ ತೆಲುಗಿನ ಹೆಂಗಸು, ಕೈ ಮೃದು, ಕೆಲಸ ಚೊಕ್ಕ. ಮೊದಲ ದಿನ ಇಸ್ತ್ರಿ ಸೀರೆ ಉಟ್ಟು, ಮೆಟ್ರೋ ಹತ್ತಿ, ಯಾವ ಕೆಲಸವೂ ಇಲ್ಲದೆ ಸಿಕಂದರಾಬಾದಿನಲ್ಲಿ ಇಳಿದೆ. ಹಳೆಯ ಆಫೀಸಿನ ಎದುರಿನ ಹೋಟೆಲಿನಲ್ಲಿ ಒಬ್ಬಳೇ ಚಹಾ ಕುಡಿದೆ. ಯಾರೂ ನನ್ನನ್ನು ಕೂಗಲಿಲ್ಲ.

ಮನೆಗೆ ಬಂದರೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸ್ನಾನ ಆಗಿರಲಿಲ್ಲ. "ಮುಟ್ಟನಿಸ್ತಲೇರಮ್ಮಾ," ಮುಟ್ಟಲು ಬಿಡುತ್ತಿಲ್ಲ ಎಂದು ಹೇಳಿ ಆಯಾ ಹೊರಟುಹೋದಳು.

ನಾನು ಪಕ್ಕದಲ್ಲಿ ಕುಳಿತೆ. ಅವರು ಗೋಡೆ ನೋಡುತ್ತಲೇ ಹೇಳಿದರು.

"ನಾನಽ ಹೇಳಿದ್ದೆ, ಖರೆ. ಆದ್ರ ಆಕಿ ಸೀರಿ ಬಿಚ್ಚಾಕ ಬಂದ್ಲು ನೋಡು, ಜೀವಾ ಹೋದಂಗಾತು. ನಂಗ ನಾಚಿಕಿ ಆಕ್ಕೈತೆವ್ವಾ. ನಿನ್ನ ಮುಂದ ಆಗಂಗಿಲ್ಲ."

ಮತ್ತೆರಡು ಸಲ ಪ್ರಯತ್ನಿಸಿದೆವು. ಎರಡನೆಯ ಸಲ ಅವರು ಅಳುವುದು ಲಿಫ್ಟಿನ ತನಕ ಕೇಳಿಸಿತು. ನಾನು ವಾಪಸು ಬಂದು, ಆಯಾಳಿಗೆ ಆ ತಿಂಗಳ ಹಣವನ್ನೆಲ್ಲ ಕೊಟ್ಟು, ಇನ್ನು ಬರಬೇಡಿ ಎಂದೆ. ಅತ್ತೆ ನನ್ನ ಮುಖ ನೋಡಲಿಲ್ಲ.

"ಸಿಟ್ಟಾದ್ಯಾ?" ಎಂದರು.

"ಹೌದ್ರಿ," ಎಂದೆ. ಸುಳ್ಳು ಹೇಳಲು ಆಗಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ಅವರ ಸ್ನಾನಕ್ಕೆ ನೀರು ಕಾಯಿಸಲು ಹೋದೆ.